ಒಂದು ಶಿಖರವೋ, ಎರಡೋ?



1961ನೆಯ ಇಸವಿಯಲ್ಲಿ, ಒಂದರ ಬೆನ್ನಿಗೊಂದರಂತೆ, ಮೀಸಾನುಗಳೆಂಬ ಜಾತಿಯ ಎರಡು ಹೊಸ ಕಣಗಳು ಅಮೆರಿಕೆಯ ಪ್ರಯೋಗಶಾಲೆಗಳಲ್ಲಿ ಬೆಳಕಿಗೆ ಬಂದುವು. ರೋ ಎಂದು ಹೆಸರಾದ ಮೊದಲನೆಯದರ ದ್ರವ್ಯರಾಶಿ, ಶಕ್ತಿಯ ಅಳತೆಯಲ್ಲಿ ಹೇಳುವುದಾದರೆ, ಸುಮಾರು 775 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಒಮೇಗಾ ಎಂಬ ಎರಡನೆಯದರದು ಹತ್ತಿರಹತ್ತಿರ 783. ಈ ಉದ್ದವಾದ ಮಾನವನ್ನು ಭೌತವಿಜ್ಞಾನಿಗಳು ಎಂಇವಿ ಎಂದು ಮೊಟಕುಗೊಳಿಸಿ ಆಡುತ್ತಾರೆ. ನಾನೂ ಹಾಗೆಯೇ ಆಡುತ್ತೇನೆ. ಎಂಟೇ ಎಂಇವಿಗಳ ಅಂತರದಲ್ಲಿ ನಿಂತ ಈ ಕಣಗಳೆರಡೂ ಒಂದರ ಮೇಲೊಂದು ಒರಗಿಕೊಂಡಿರುವುದರಿಂದ ಏನು ಫಲ ಉಂಟಾಗಬೇಕೆಂಬುದನ್ನು ಸಿದ್ಧಾಂತವು ಮೊದಲೇ ನುಡಿಯಿತು. ನುಡಿದದ್ದು ದಿಟವೆಂದು ನಿಸ್ಸಂದೇಹವಾಗಿ ಗೊತ್ತಾಗಲು ಎಂಟು ವರ್ಷ ಹಿಡಿಯಿತು. ಅದೇ ದಶಕದಲ್ಲಿ, ಬೇರೊಂದು ಮೀಸಾನಿನ ವಿಷಯದಲ್ಲಿ, ಪ್ರಯೋಗವೇ ಮುಂದಾಗಿ ಎರಡು ಶಿಖರಗಳನ್ನು ತೋರಿಸಿತು. ಸಿದ್ಧಾಂತಿಗಳು ಹಿಂದಿನಿಂದ ಧಾವಿಸಿಬಂದು ಅವಕ್ಕೆ ಮನೋಹರವಾದ ಸೂತ್ರಗಳನ್ನು ಹೊಂದಿಸಿದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅಲ್ಲಿದ್ದುದು ಒಂದೇ ಶಿಖರವೆಂದು ತಿಳಿದುಬಂದಿತು. ಈ ಎರಡು ವೃತ್ತಾಂತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಈ ಹೊತ್ತಿನ ಭಾಷಣದ ಉದ್ದೇಶ.

ಇಂಥ ಕಣಗಳನ್ನು ಯಾರೂ ಕಣ್ಣಾರೆ ಕಂಡುದಿಲ್ಲ. ಒಂದು ಸೆಕೆಂಡನ್ನು ಕೋಟಿಯಿಂದ ಮೂರು ಸಾರಿ ಭಾಗಿಸಿ, ಬಂದ ಚೂರನ್ನು ಮತ್ತೆ ಸಾವಿರ ಪಾಲು ಮಾಡಿ, ಅದರಲ್ಲಿ ನಾಲ್ಕು ಪಾಲನ್ನು ತೆಗೆದುಕೊಂಡರೆ ರೋ ಮೀಸಾನಿನ ಆಯುಸ್ಸು ಎಷ್ಟೆಂಬುದು ತಿಳಿಯುತ್ತದೆ. ಬೆಳಕು ಒಂದು ಪ್ರೋಟಾನಿನ ಈಚೆಯ ಅಂಚಿನಿಂದ ಆಚೆಯ ಅಂಚಿಗೆ ಹಾಯಲು ಬೇಕಾಗುವಷ್ಟೇ ಕಾಲ ಅದು. ಹುಟ್ಟಿದ ಸ್ಥಳದಲ್ಲಿಯೇ ಅದು ಪಯಾನುಗಳೆಂಬ ಎರಡು ಹಗುರವಾದ ಕಣಗಳಾಗಿ ಒಡೆದುಹೋಗುತ್ತದೆ. ಉಪಕರಣಗಳಿಗೆ ಸಿಕ್ಕುವುದು ಆ ಪಯಾನುಗಳು ಮಾತ್ರ. ಅವುಗಳ ಶಕ್ತಿ ಸಂವೇಗಗಳನ್ನು ಅಳೆದು, ಈ ಎರಡೂ ಒಂದೇ ಕಣದಿಂದ ಹುಟ್ಟಿದ್ದಾದರೆ ಆ ಕಣದ ರಾಶಿ ಎಷ್ಟಿದ್ದಿರಬೇಕೆಂದು ಲೆಕ್ಕಹಾಕಿ, ಸಾವಿರಾರು ಘಟನೆಗಳಿಂದ ಬಂದ ಅಂಕಿಗಳನ್ನು ಒಂದು ಸ್ತಂಭಾಲೇಖದಲ್ಲಿ ಪೇರಿಸಿದಾಗ, ಒಂದು ರಾಶಿಯ ಸುತ್ತ ಘಟನೆಗಳು ಗುಂಪುಗೂಡಿ ಶಿಖರವೊಂದು ಮೇಲೇಳುತ್ತದೆ. ಇದನ್ನೇ ಅನುನಾದವೆಂದು ಕರೆಯುವುದು. ಆಯುಸ್ಸು ಕಡಮೆಯಾದಷ್ಟೂ ಶಿಖರ ಅಗಲವಾಗುವುದು ಕ್ವಾಂಟಂ ಶಾಸ್ತ್ರದ ನಿಯಮ. ಆದಕಾರಣ ರೋ ಮೀಸಾನಿನ ಶಿಖರದ ಅಗಲ ಸುಮಾರು 149 ಎಂಇವಿ, ಅದಕ್ಕಿಂತ ಹದಿನೇಳರಷ್ಟು ಹೆಚ್ಚು ಕಾಲ ಬಾಳುವ ಒಮೇಗಾದ ಅಗಲ ಒಂಬತ್ತಕ್ಕಿಂತಲೂ ಕಡಮೆ. ಶಿಖರದ ಆಕಾರವನ್ನು ಬಣ್ಣಿಸುವ ಸೂತ್ರವನ್ನು ಬ್ರೈಟ್ ಮತ್ತು ವಿಗ್ನರ್ ಎಂಬವರು 1936ರಷ್ಟು ಹಿಂದೆಯೇ, ಮಂದಗತಿಯ ನ್ಯೂಟ್ರಾನುಗಳನ್ನು ಪರಮಾಣುಬೀಜಗಳು ನುಂಗುವ ಬಗೆಯನ್ನು ವಿವರಿಸುವುದಕ್ಕಾಗಿ ಕೊಟ್ಟಿದ್ದರು.

ಒಂದು ಶಿಖರವು ಒಂಟಿಯಾಗಿರುವವರೆಗೆ ಈ ಸೂತ್ರ ಸಾಕು. ಎರಡು ಶಿಖರಗಳು ಪರಸ್ಪರ ಅತಿಕ್ರಮಿಸಿದರೆ ಮಾತ್ರ ವಿಷಯ ಬೇರೆಯಾಗುತ್ತದೆ. ಎರಡು ಕಣಗಳೂ ಒಂದೇ ಬಗೆಯ ಪಯಾನ್ ಜೋಡಿಯಾಗಿ ಒಡೆಯಬಲ್ಲುವಾದರೆ, ನಮ್ಮ ಕೈಗೆ ಸಿಕ್ಕ ಜೋಡಿ ಯಾವುದರಿಂದ ಬಂದುದೆಂದು ಕೇಳುವ ಅಧಿಕಾರವನ್ನು ಪ್ರಕೃತಿ ನಮಗೆ ಕೊಟ್ಟಿಲ್ಲ. ಅಲ್ಲಿ ಒಂದರ ಎಣಿಕೆಗೆ ಇನ್ನೊಂದರ ಎಣಿಕೆಯನ್ನು ಕೂಡುವಂತಿಲ್ಲ, ಎರಡರ ಪಾರಗಳನ್ನು, ಎಂದರೆ ತರಂಗದ ಏರಿಳಿತದ ಅಳತೆಗಳನ್ನು, ಮೊದಲು ಕೂಡಿ, ಅನಂತರ ವರ್ಗಮಾಡಬೇಕು. ತಂಬೂರಿಯ ಎರಡು ಸಾರಣೆ ತಂತಿಗಳನ್ನು ಶ್ರುತಿಗೆ ತರುತ್ತಿರುವಾಗ, ಇನ್ನೂ ಎಳ್ಳಷ್ಟು ವ್ಯತ್ಯಾಸ ಉಳಿದಿರುವಂತೆಯೇ ಮೀಟಿದರೆ, ನಾದವು ಉಬ್ಬುತ್ತ ಕುಗ್ಗುತ್ತ ಅಲೆಯುವುದನ್ನು ಸಂಗೀತಗಾರರೆಲ್ಲರೂ ಬಲ್ಲರು. ಎರಡು ತಂತಿಗಳಿಂದ ಒಂದರ ಇಮ್ಮಡಿಗಿಂತ ದೊಡ್ಡ ನಾದವೂ ಮೌನವೂ ಹೇಗೆ ಹುಟ್ಟಬಲ್ಲುವೋ ಹಾಗೆ ಇಲ್ಲಿಯೂ; ಇದಕ್ಕೆ ವ್ಯತಿಕರಣವೆಂದು ಹೆಸರು. ಅಂಕಿಗಳಲ್ಲಿ ಹೇಳುವುದಾದರೆ, ದೊಡ್ಡ ಪಾರ 1 ಎಂದೂ ಚಿಕ್ಕದು ಅದರ ಹತ್ತನೆಯ ಒಂದು ಭಾಗವೆಂದೂ ಇಟ್ಟುಕೊಳ್ಳೋಣ. ಚಿಕ್ಕದು ತಾನೊಂದೇ ಇದ್ದರೆ ಅದರ ತೀವ್ರತೆ ನೂರರಲ್ಲಿ ಒಂದು. ಯಾವ ಆಲೇಖದಲ್ಲಿಯೂ ಅದು ಕಾಣದು. ದೊಡ್ಡದರೊಡನೆ ಸೇರಿದರೆ, ಪ್ರಾವಸ್ಥೆ, ಎಂದರೆ ಏರಿಳಿತದ ಹೆಜ್ಜೆ, ಕೂಡಿಬಂದಲ್ಲಿ 1.21, ವಿರುದ್ಧವಾದಲ್ಲಿ 0.81. ನೂರರಲ್ಲಿ ಒಂದಾಗಿದ್ದುದು ನೂರರಲ್ಲಿ ಇಪ್ಪತ್ತಾಗಿ ಕಣ್ಣಿಗೆ ಬೀಳುತ್ತದೆ.

ರೋ ಒಮೇಗಾಗಳ ವಿಷಯದಲ್ಲಿ ತೊಡಕೊಂದಿತ್ತು. ಐಸೊಸ್ಪಿನ್ ಎಂಬ ಗುಣವೊಂದನ್ನು ಬಿಟ್ಟರೆ, ಭ್ರಮಣ ಮೊದಲಾದ ಲಕ್ಷಣಗಳಲ್ಲಿ ಇವೆರಡಕ್ಕೂ ಭೇದವಿಲ್ಲ. ಆದರೆ ಪ್ರಬಲ ಬಲವು ಐಸೊಸ್ಪಿನ್ನನ್ನು ಕಾಪಾಡುವುದಾದಕಾರಣ, ರೋ ಎರಡು ಪಯಾನುಗಳಾಗಿ ಒಡೆಯಬೇಕು, ಒಮೇಗಾ ಮೂರಾಗಿ ಒಡೆಯಬೇಕು, ಒಂದರ ದಾರಿಗೆ ಇನ್ನೊಂದು ಬರಕೂಡದು. ಒಮೇಗಾವನ್ನು ಬರ್ಕ್ಲಿಯಲ್ಲಿ ಕಂಡುಹಿಡಿದುದೂ ಈ ಮೂರು ಪಯಾನುಗಳ ದಾರಿಯಲ್ಲಿಯೇ. ಮ್ಯಾಗ್ಲಿಚ್, ಆಲ್ವಾರೆಜ್, ರೋಸೆನ್‌ಫೆಲ್ಡ್, ಸ್ಟೀವನ್‌ಸನ್ ಎಂಬ ನಾಲ್ವರು, 72 ಅಂಗುಲದ ಜಲಜನಕದ ಗುಳ್ಳೆಕೋಷ್ಠದಲ್ಲಿ ಪ್ರತಿಪ್ರೋಟಾನುಗಳು ನಾಶಹೊಂದಿ ಐದೈದು ಪಯಾನುಗಳಾದ ಚಿತ್ರಗಳನ್ನು ತೆಗೆದುಕೊಂಡು, ಐದರಿಂದ ಮೂರು ಮೂರನ್ನು ಆಯ್ದು ಜೋಡಿಸಿದರು. ಹಾಗೆ ಆಯುವುದಕ್ಕೆ ಹತ್ತು ಬಗೆಗಳುಂಟು. ಅವುಗಳಲ್ಲಿ ನಾಲ್ಕರಲ್ಲಿ ಒಟ್ಟು ವಿದ್ಯುದಂಶ ಸೊನ್ನೆ, ನಾಲ್ಕರಲ್ಲಿ ಒಂದು, ಉಳಿದೆರಡರಲ್ಲಿ ಎರಡು. ಸೊನ್ನೆಯ ಗುಂಪಿನಲ್ಲಿ ಮಾತ್ರ 780ರ ಆಸುಪಾಸಿನಲ್ಲಿ ಕಡಿದಾದ ಶಿಖರವೆದ್ದಿತು, ಮಿಕ್ಕ ಎರಡು ಗುಂಪುಗಳಲ್ಲಿ ಏನೂ ಏಳಲಿಲ್ಲ. ತಾನೇ ತನಗೆ ಸಾಕ್ಷಿಯಾಗುವಂಥ ಇಷ್ಟು ಶುದ್ಧವಾದ ಪ್ರಯೋಗಗಳು ಆ ಕಾಲದಲ್ಲಿಯೂ ವಿರಳ. ಅಂಥದೊಂದು ಕಣವಿರಬೇಕೆಂದು ನಂಬು ಎಂಬ ಜಪಾನೀ ವಿದ್ವಾಂಸರು 1957ರಲ್ಲಿಯೇ ಊಹಿಸಿದ್ದರೆಂಬುದನ್ನೂ ಇಲ್ಲಿ ಸ್ಮರಿಸಬೇಕು.

ಅದೇ 1961ರಲ್ಲಿ ಷೆಲ್ಡನ್ ಗ್ಲಾಷೋ ಒಂದು ಸಣ್ಣ ಲೇಖನ ಬರೆದು, ಐಸೊಸ್ಪಿನ್ನಿನ ನಿಯಮವನ್ನು ಪ್ರಬಲ ಬಲವು ಪಾಲಿಸಿದರೂ ವಿದ್ಯುತ್ಕಾಂತ ಬಲವು ಪಾಲಿಸುವುದಿಲ್ಲವೆಂಬುದನ್ನು ನೆನಪಿಗೆ ತಂದರು. ಸಾಧಾರಣವಾಗಿ ಈ ಉಲ್ಲಂಘನೆ ಅತ್ಯಲ್ಪ. ಆದರೆ ಎರಡು ಸ್ಥಿತಿಗಳು ಒಂದಕ್ಕೊಂದು ಅತಿ ಸಮೀಪದಲ್ಲಿರುವಾಗ, ಅಲ್ಪ ಬಲವೂ ಅವನ್ನು ಬೆರಸಬಲ್ಲುದು. ಬೆರಕೆಯ ಪ್ರಮಾಣವು ಅವುಗಳ ನಡುವಣ ಅಂತರವನ್ನು ಭಾಜಕವಾಗಿ ಉಳ್ಳದ್ದು, ಭಾಜಕ ಚಿಕ್ಕದಾದರೆ ಫಲ ದೊಡ್ಡದು. ಆದುದರಿಂದ ಒಮೇಗಾದಲ್ಲಿ ರೋ ಮೀಸಾನಿನ ಲೇಶವೊಂದು ಸೇರಿಕೊಂಡು, ಒಮೇಗಾ ಕೂಡ ಕೆಲವೊಮ್ಮೆ ಎರಡು ಪಯಾನುಗಳಾಗಿ ಒಡೆಯಬೇಕು, ಹಾಗೆ ಒಡೆದಾಗ ರೋ ಮೀಸಾನಿನ ಪಯಾನುಗಳೊಡನೆ ವ್ಯತಿಕರಣ ನಡೆಯಬೇಕು. ಇದು ಆತನ ಭವಿಷ್ಯವಾಣಿ. ಮುಂದೆ ಕ್ವಾರ್ಕುಗಳ ಕಾಲ ಬಂದಾಗ, ಈ ಬೆರಕೆಗೆ ವಿದ್ಯುತ್ಕಾಂತ ಬಲಕ್ಕಿಂತಲೂ ಅಪ್ ಮತ್ತು ಡೌನ್ ಎಂಬ ಕ್ವಾರ್ಕುಗಳ ರಾಶಿಭೇದವೇ ಹೆಚ್ಚಿನ ಕಾರಣವೆಂದು ತಿಳಿಯಿತು. ಅದರಿಂದ ಭವಿಷ್ಯವಾಣಿಯ ರೂಪಕ್ಕೇನೂ ಕುಂದು ಬರಲಿಲ್ಲ.

ಆದರೆ ಇದನ್ನು ಪರೀಕ್ಷಿಸುವುದು ಹೇಗೆ? ಗುಳ್ಳೆಕೋಷ್ಠದ ಚಿತ್ರಗಳಲ್ಲಿ ರೋ ಶಿಖರ ಸೀಳಿದೆಯೆಂದು ಕೆಲವರು 1962ರ ಸುಮಾರಿನಿಂದಲೇ ಹೇಳತೊಡಗಿದ್ದರು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಘಟನೆಗಳು ಕಡಮೆ, ರಾಶಿಯ ಅಳತೆಯಲ್ಲಿ ಉಳಿಯುವ ಅನಿಶ್ಚಯವು ಒಮೇಗಾದ ಅಗಲಕ್ಕಿಂತ ಹೆಚ್ಚು, ಸಾಲದುದಕ್ಕೆ ಎರಡು ಮೀಸಾನುಗಳೂ ಯಾವ ಪ್ರಾವಸ್ಥೆಯಲ್ಲಿ ಹುಟ್ಟಿದುವೆಂಬುದು ಆಯಾ ಸಂಘಟ್ಟನೆಯನ್ನು ಅವಲಂಬಿಸಿದ ಮಾತು. ಪ್ರಾವಸ್ಥೆ ತಿಳಿಯದಿದ್ದರೆ ಉಬ್ಬು ಕಂಡರೂ ಸೈ, ತಗ್ಗು ಕಂಡರೂ ಸೈ, ಏನೂ ಕಾಣದಿದ್ದರೂ ಸೈ; ಇಂಥ ಸಿದ್ಧಾಂತವನ್ನು ಯಾವ ದತ್ತಾಂಶವೂ ಸೋಲಿಸಲಾರದು, ಗೆಲ್ಲಿಸಲೂ ಆರದು.

ಈ ತೊಡಕನ್ನು ಬಿಡಿಸಿದುದು ಫ್ರಾನ್ಸಿನ ಓರ್ಸೇ ಎಂಬಲ್ಲಿದ್ದ ಎಲೆಕ್ಟ್ರಾನ್ ಪಾಸಿಟ್ರಾನ್ ಉಂಗುರ. ಅಲ್ಲಿ ಎಲೆಕ್ಟ್ರಾನೂ ಪಾಸಿಟ್ರಾನೂ ನಾಶಹೊಂದಿ ಒಂದು ಫೋಟಾನಾಗಿ, ಆ ಫೋಟಾನಿನಿಂದ ರೋ ಅಥವಾ ಒಮೇಗಾ ಹುಟ್ಟುತ್ತದೆ. ಹುಟ್ಟಿನ ಪ್ರಾವಸ್ಥೆಯ ಬಗ್ಗೆ ಅಲ್ಲಿ ಸಂದೇಹಕ್ಕೆ ಎಡೆ ಬಹು ಕಡಮೆ. ಇನ್ನೂ ಮೇಲಾದ ಅನುಕೂಲವೆಂದರೆ, ರಾಶಿಯನ್ನು ಪಯಾನುಗಳಿಂದ ಊಹಿಸಬೇಕಾಗಿಲ್ಲ. ಕಿರಣಗಳ ಶಕ್ತಿಯನ್ನು ಯಂತ್ರವೇ ನಿಶ್ಚಯಿಸುವುದರಿಂದ, ಪ್ರಯೋಗಕಾರನು ತನಗೆ ಬೇಕಾದ ಶಕ್ತಿಯಲ್ಲಿ ಯಂತ್ರವನ್ನು ನಿಲ್ಲಿಸಿ, ಅಲ್ಲಿ ಎಷ್ಟು ಪಯಾನ್ ಜೋಡಿಗಳು ಬಂದುವೆಂದು ಎಣಿಸಿ, ಮುಂದಿನ ಶಕ್ತಿಗೆ ಸಾಗಬಹುದು. ಗೋಲ್ಡ್‌ಹೇಬರ್, ಫಾಕ್ಸ್, ಕ್ವಿಗ್ ಎಂಬ ಸಿದ್ಧಾಂತಿಗಳು 1969ರಲ್ಲಿ ವ್ಯತಿಕರಣದ ವಿಚಾರವನ್ನು ಕ್ರಮವಾಗಿ ವಿವೇಚಿಸಿದರು. ಬೆರಕೆಯ ಭಾಜಕದಲ್ಲಿ ರಾಶಿಭೇದವಾದ ಎಂಟು ಎಂಇವಿಗಿಂತ, ಅಗಲಗಳ ಭೇದದ ಅರ್ಧವಾದ 70 ಎಂಇವಿಯೇ ಪ್ರಧಾನ. ಕ್ವಾಂಟಂ ಗಣಿತದಲ್ಲಿ ಅಗಲವು ಕಾಲ್ಪನಿಕ ಸಂಖ್ಯೆಯಾಗಿ ಬರುವುದರಿಂದ, ಒಮೇಗಾದ ಪಾರವು ರೋ ಪಾರಕ್ಕೆ ಸುಮಾರು ಒಂದು ಸಮಕೋನದಷ್ಟು ಓರೆಯಾಗಿ ನಿಲ್ಲಬೇಕು. ಹಾಗೆ ನಿಂತರೆ ಒಮೇಗಾದ ರಾಶಿ ಬಿಂದುವಿನಲ್ಲಿ ವಿಶೇಷವೇನೂ ಕಾಣಕೂಡದು. ಅದಕ್ಕೆ ಕೊಂಚ ಈಚೆಗೆ ಎಣಿಕೆ ಏರಬೇಕು, ದಾಟಿದೊಡನೆಯೇ ಕಡಿದಾಗಿ ಇಳಿಯಬೇಕು. ಎಲ್ಲಿ, ಯಾವ ಕಡೆಗೆ, ಸುಮಾರು ಎಷ್ಟು ಎಂಬ ಮೂರನ್ನೂ ಇಲ್ಲಿ ಮುಂಚಿತವಾಗಿ ಹೇಳಿದಂತಾಯಿತು.

ಓರ್ಸೇಯ ಅಳತೆಗಳು 1969ರಲ್ಲಿಯೇ ಪ್ರಕಟವಾದುವು. ಬಿಂದುಗಳು ಹೆಚ್ಚಾಗಿರಲಿಲ್ಲ, ಅವುಗಳ ದೋಷರೇಖೆಗಳು ಚಿಕ್ಕವೂ ಆಗಿರಲಿಲ್ಲ. ಆದರೂ ರೋ ಒಂದರಿಂದಲೇ ಎಳೆದ ವಕ್ರರೇಖೆ ಅವುಗಳಿಗೆ ಹೊಂದಲಿಲ್ಲ, ಬೆರಕೆಯನ್ನು ಸೇರಿಸಿದ ರೇಖೆ ಹೊಂದಿತು. ಅದೇ ವರ್ಷ ಬರ್ಕ್ಲಿಯ ಗುಂಪೊಂದು ಪಯಾನ್ ಪ್ರೋಟಾನ್ ಸಂಘಟ್ಟನೆಗಳಲ್ಲಿಯೂ ವ್ಯತಿಕರಣದ ಸಾಕ್ಷ್ಯವನ್ನು ತೋರಿಸಿತು. ಮುಂದೆ ನೊವೊಸಿಬಿರ್ಸ್ಕಿನ ಉಂಗುರಗಳಲ್ಲಿ ಅತಿ ಸೂಕ್ಷ್ಮವಾಗಿ ಅಳೆದಾಗ, ಆ ಕಡಿದಾದ ಇಳಿತ ಯಾರೂ ವಾದಿಸಲಾರದಷ್ಟು ಸ್ಪಷ್ಟವಾಯಿತು. ಒಮೇಗಾ ಮೀಸಾನುಗಳಲ್ಲಿ ನೂರಕ್ಕೆ ಒಂದೂವರೆಯಷ್ಟು ಮಾತ್ರ ಎರಡು ಪಯಾನುಗಳಾಗಿ ಒಡೆಯುತ್ತವೆಂದು ಇಂದು ಗೊತ್ತಾಗಿದೆ. ನನಗೆ ಎಲ್ಲಕ್ಕಿಂತ ರುಚಿಸಿದ ಪರೀಕ್ಷೆ ಬೇರೆ. ಋಣ ಪಯಾನನ್ನು ಪ್ರೋಟಾನಿನ ಮೇಲೆ ಹಾಯಿಸಿದಾಗ ಆಗುವ ವ್ಯತಿಕರಣದ ಚಿಹ್ನೆಯು, ಧನ ಪಯಾನನ್ನು ನ್ಯೂಟ್ರಾನಿನ ಮೇಲೆ ಹಾಯಿಸಿದಾಗ ವಿಪರ್ಯಯವಾಗಬೇಕೆಂದು ಸಮಮಿತಿಯ ನಿಯಮದಿಂದ ಬರುತ್ತದೆ. ಒಂದರಲ್ಲಿ ತಗ್ಗಿರುವಲ್ಲಿ ಇನ್ನೊಂದರಲ್ಲಿ ಉಬ್ಬಿರಬೇಕು. ಷಿಕಾಗೋ ಸಮೀಪದ ಆರ್ಗಾನ್ ಪ್ರಯೋಗಶಾಲೆಯಲ್ಲಿ ಒಂದೇ ಉಪಕರಣದಿಂದ ಎರಡನ್ನೂ ಅಳೆದು ನೋಡಿದಾಗ ಚಿಹ್ನೆ ತಿರುಗಿದ್ದು ಕಂಡುಬಂದಿತು. ಉಪಕರಣದ ದೋಷವು ಇಂಥ ಜಾಣತನವನ್ನು ತೋರಿಸಲಾರದು.

ಇನ್ನು ಎರಡನೆಯ ವೃತ್ತಾಂತ. ಒಮೇಗಾವನ್ನು ಕಂಡುಹಿಡಿದ ನಾಲ್ವರಲ್ಲಿ ಮೊದಲಿಗರಾದ, ಯುಗೊಸ್ಲಾವಿಯಾ ಮೂಲದ ಬೊಗ್ದಾನ್ ಮ್ಯಾಗ್ಲಿಚ್ ಅವರು ಅನಂತರ ಜಿನೀವದ ಸರ್ನ್ ಸಂಸ್ಥೆಗೆ ಹೋಗಿ, ಅಲ್ಲಿ ಹೊಸದೊಂದು ವಿಧಾನವನ್ನು ಬಳಕೆಗೆ ತಂದರು. ಮೀಸಾನು ಏನಾಗಿ ಒಡೆಯಿತೆಂಬುದನ್ನು ನೋಡುವ ಗೋಜೇ ಇಲ್ಲಿಲ್ಲ. ಒಳಬರುವ ಪಯಾನಿನ ಸಂವೇಗ ಗೊತ್ತಿದೆ. ಪೆಟ್ಟುತಿಂದು ಪಕ್ಕಕ್ಕೆ ಸಿಡಿಯುವ ಪ್ರೋಟಾನಿನ ಕೋನವನ್ನೂ ವೇಗವನ್ನೂ ಅಳೆದರೆ, ಕಾಣದೆ ಉಳಿದುದರ ರಾಶಿ ಎಷ್ಟೆಂದು ಲೆಕ್ಕದಿಂದಲೇ ತಿಳಿಯುತ್ತದೆ. ಬಹು ವೇಗವಾಗಿ, ಬಹುಸಂಖ್ಯೆಯಲ್ಲಿ ಘಟನೆಗಳನ್ನು ಕೂಡಿಹಾಕಲು ಇದು ತಕ್ಕ ಉಪಾಯ. ಈ ಗುಂಪು 1967ರಲ್ಲಿ, 1300 ಎಂಇವಿಯ ಬಳಿಯಿದ್ದ ಎ-2 ಎಂಬ ಮೀಸಾನಿನ ಶಿಖರದ ನಟ್ಟನಡುವೆ ಆಳವಾದ ತಗ್ಗೊಂದಿದೆಯೆಂದೂ, ಅದು ನಿಜವಾಗಿ ಎರಡು ಸಮಾನ ಶಿಖರಗಳೆಂದೂ ಪ್ರಕಟಿಸಿತು. ಅನಂತರದ ಅಳತೆಗಳನ್ನು ಸೇರಿಸಿದಾಗ ಆ ತಗ್ಗಿನ ಮಹತ್ತ್ವವು ಆರು ಪ್ರಮಾಣವಿಚಲನೆಗಳಷ್ಟಿದೆ, ಎಂದರೆ ಅದು ಬರಿಯ ಆಕಸ್ಮಿಕವಾಗಿರುವ ಸಂಭವ ತೀರ ಕಡಮೆ, ಎಂಬ ಮಾತೂ ಕೇಳಿಬಂದಿತು. ಬೇರೆ ಕೆಲವು ಗುಂಪುಗಳೂ ತಮ್ಮ ಚಿಕ್ಕ ಸಂಗ್ರಹಗಳಲ್ಲಿ ತಗ್ಗಿನ ಗುರುತು ಕಾಣುತ್ತದೆಂದುವು.

ಸಿದ್ಧಾಂತಿಗಳಿಗೆ ಇದಕ್ಕಿಂತ ಹಬ್ಬ ಬೇಕೇ? ಒಂದೇ ಮಾರ್ಗದಲ್ಲಿ, ಒಂದೇ ಗುಣಗಳುಳ್ಳ ಎರಡು ಅನುನಾದಗಳು ಸಂಪೂರ್ಣವಾಗಿ ಅತಿಕ್ರಮಿಸಿದರೆ, ಸಂಭಾವ್ಯತೆಯ ಒಟ್ಟು ಮೊತ್ತ ಒಂದನ್ನು ಮೀರಕೂಡದೆಂಬ ನಿರ್ಬಂಧದಿಂದ, ಎರಡರ ನಡುವೆ ಪಾರವು ಸೊನ್ನೆಯಾಗಲೇಬೇಕು. ಎರಡೂ ಒಂದೇ ಬಿಂದುವಿಗೆ ಬಂದು ಒಂದಾದ ಪರಮಾವಧಿಯಲ್ಲಿ ದೊರೆಯುವುದೇ ದ್ವಿಧ್ರುವ ಸೂತ್ರ. ಆ ಸೂತ್ರ ಎಳೆಯುವ ರೇಖೆಯಲ್ಲಿ ಎರಡು ಶಿಖರಗಳೂ ಒಂದೇ ಎತ್ತರ, ನಡುವೆ ಸೊನ್ನೆ. ಸರ್ನ್ ದತ್ತಾಂಶದ ಮೇಲೆ ಅದನ್ನು ಇಟ್ಟು ನೋಡಿದರೆ, ಉಪಕರಣದ ಅಳತೆಯ ಮಸುಕಿಗೆ ಎಷ್ಟು ಬೇಕೋ ಅಷ್ಟು ಬಿಟ್ಟುಕೊಟ್ಟ ಮೇಲೆ, ಅಚ್ಚುಹಾಕಿದಂತೆ ಹೊಂದಿತು. ಅಷ್ಟು ಚೆನ್ನಾಗಿ ಹೊಂದಿದುದೇ ಜನರನ್ನು ಮರುಳುಮಾಡಿತೆಂದು ನನ್ನ ಅಭಿಪ್ರಾಯ. ಇಂಥ ದ್ವಿಧ್ರುವವು ಎ-2ರಲ್ಲಿ ಇರಬೇಕೆಂದು ಯಾವ ಸಿದ್ಧಾಂತವೂ ಮೊದಲು ಹೇಳಿರಲಿಲ್ಲ. ಎರಡು ಕಣಗಳು ಒಂದೇ ರಾಶಿ, ಒಂದೇ ಅಗಲವುಳ್ಳವಾಗಿ ಕಾಕತಾಳೀಯವಾಗಿ ಏಕೆ ಕೂಡಿಕೊಳ್ಳಬೇಕೆಂಬುದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ. ಮೇಲಾಗಿ, ಎ-2 ಒಂದು ಕುಟುಂಬಕ್ಕೆ ಸೇರಿದ ಕಣ. ಅದರ ಬಂಧುಗಳಾದ ಎಫ್ ಮೀಸಾನೂ 1420 ಎಂಇವಿಯ ಕೇಯಾನ್ ಅನುನಾದವೂ ಒಂಟಿ ಶಿಖರಗಳಾಗಿಯೇ ನಿಂತಿದ್ದುವು, ಆ ಕುಟುಂಬದಲ್ಲಿ ಎರಡನೆಯ ಎ-2ಗೆ ಸ್ಥಾನವೇ ಇರಲಿಲ್ಲ.

ಆ ಕಾಲದಲ್ಲಿಯೇ ಎಚ್ಚರಿಕೆ ಕೊಟ್ಟವರೂ ಇದ್ದರು. ಒಮೇಗಾದ ಇನ್ನೊಬ್ಬ ಶೋಧಕರಾದ ಆರ್ಥರ್ ರೋಸೆನ್‌ಫೆಲ್ಡ್ ಅವರೇ ಅವರಲ್ಲಿ ಮುಖ್ಯರು. ಮೂರು ಪ್ರಮಾಣವಿಚಲನೆಯ ಏರಿಳಿತವು ಆಕಸ್ಮಿಕವಾಗಿ ಸುಮಾರು 370ಕ್ಕೆ ಒಂದು ಸಾರಿ ಬರಬಲ್ಲುದು. ಪ್ರಪಂಚದ ಪ್ರಯೋಗಶಾಲೆಗಳು ವರ್ಷವರ್ಷವೂ ಸಾವಿರಾರು ಆಲೇಖಗಳನ್ನು ಎಳೆದು, ಒಂದೊಂದರಲ್ಲಿಯೂ ಹತ್ತಾರು ಕಡೆ ಉಬ್ಬುತಗ್ಗುಗಳಿಗಾಗಿ ಹುಡುಕುತ್ತಿರುವಾಗ, ಯಾವ ಕಣವೂ ಇಲ್ಲದೆಯೇ ಎಷ್ಟೋ ಕಣಗಳು ಹುಟ್ಟಿಬರುವುದು ಅನಿವಾರ್ಯವೆಂದು ಅವರು 1968ರಲ್ಲಿ ಲೆಕ್ಕಮಾಡಿ ತೋರಿಸಿದರು. ಅವರ ಸಹೋದ್ಯೋಗಿ ಲಿಂಚ್ ಎಂಬವರು ಗಣಕಯಂತ್ರಕ್ಕೆ ಗೇಮ್ ಎಂಬ ಕ್ರಮವಿಧಿಯೊಂದನ್ನು ಬರೆದಿದ್ದರು. ಹೊಸ ಶಿಖರ ಸಿಕ್ಕಿತೆಂದು ಯಾರಾದರೂ ಉತ್ಸಾಹದಿಂದ ಬಂದರೆ, ಯಾವ ಶಿಖರವೂ ಇಲ್ಲದ ನುಣುಪಾದ ರೇಖೆಯಿಂದ ಯಾದೃಚ್ಛಿಕವಾಗಿ ಬಹುಸಂಖ್ಯೆಯ ಕೃತಕ ಆಲೇಖಗಳನ್ನು ಯಂತ್ರದಿಂದ ತೆಗೆಸಿ, ನಿಜವಾದುದನ್ನು ಅವುಗಳ ನಡುವೆ ಸೇರಿಸಿ, ಇವುಗಳಲ್ಲಿ ಶಿಖರ ಎಲ್ಲಿದೆ ತೋರಿಸಿ ಎಂದು ಬಂದವರ ಮುಂದಿಡುತ್ತಿದ್ದರು. ಬಂದವರು ಎಷ್ಟೋ ಸಾರಿ ಕೃತಕವಾದವುಗಳ ಮೇಲೆಯೇ ಬೆರಳಿಡುತ್ತಿದ್ದರಂತೆ.

ಇದಕ್ಕಿಂತಲೂ ಸೂಕ್ಷ್ಮವಾದ ಅಪಾಯವೊಂದನ್ನು ವಿಮರ್ಶಕರು ಅನಂತರ ಎತ್ತಿತೋರಿಸಿದರು. ಉಪಕರಣ ಸರಿಯಾಗಿ ನಡೆಯುತ್ತಿದೆಯೇ ಎಂಬುದಕ್ಕೆ ತಗ್ಗು ಕಾಣುವುದೇ ಒರೆಗಲ್ಲಾಗಿಬಿಟ್ಟರೆ, ತಗ್ಗು ಕಾಣಿಸಿದ ಅಳತೆಯ ಸರದಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಕಾಣಿಸದ ಸರದಿಯಲ್ಲಿ ಮಾತ್ರ ಯಾವ ತಂತಿ ಸಡಲಿದೆ, ಯಾವ ಗಡಿಯಾರ ಹಿಂದಿದೆ ಎಂದು ಹುಡುಕುತ್ತಾರೆ. ಹುಡುಕಿದರೆ ಯಾವ ಉಪಕರಣದಲ್ಲಿ ತಾನೆ ದೋಷ ಸಿಕ್ಕದು? ದೋಷ ಸಿಕ್ಕಿದ ಸರದಿಯನ್ನು ಬಿಡುವುದು ನ್ಯಾಯವಾಗಿಯೇ ತೋರುತ್ತದೆ. ಹೀಗೆ ಒಬ್ಬನೂ ಅಪ್ರಾಮಾಣಿಕನಾಗದೆ, ಪ್ರತಿಯೊಬ್ಬನೂ ಶ್ರದ್ಧೆಯಿಂದ ದುಡಿದು, ಸುಳ್ಳಾದ ತಗ್ಗೊಂದನ್ನು ದಿನದಿನಕ್ಕೆ ಆಳಗೊಳಿಸುವುದು ಸಾಧ್ಯ. ಸಂಖ್ಯಾಶಾಸ್ತ್ರದ ಆರು ವಿಚಲನೆಗಳು ಇಂಥ ಆಯ್ಕೆಯ ವಿರುದ್ಧ ಏನನ್ನೂ ಕಾಯಲಾರವು; ಆ ಗಣಿತ ನಡೆಯುವುದು ಆಕಸ್ಮಿಕವೊಂದೇ ಶತ್ರುವೆಂಬ ನಂಬಿಕೆಯ ಮೇಲೆ.

1971ರಲ್ಲಿ ನಿರ್ಣಯ ಬಂದಿತು. ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ನಾರ್ತ್‌ಈಸ್ಟರ್ನ್ ಮತ್ತು ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯಗಳ ಗುಂಪು ಕಾಣದ ರಾಶಿಯ ವಿಧಾನವನ್ನೇ ಬಳಸಿ, ಋಣ ವಿದ್ಯುದಂಶದ ಎ-2ನ್ನೂ ಧನದ ಎ-2ನ್ನೂ ಅಳೆಯಿತು. ಕಣವೂ ಪ್ರತಿಕಣವೂ ಒಂದೇ ರಾಶಿ, ಒಂದೇ ಅಗಲವುಳ್ಳವಾಗಿರಬೇಕೆಂಬುದು ಭೌತಶಾಸ್ತ್ರದ ಅತಿ ದೃಢವಾದ ನಿಯಮಗಳಲ್ಲೊಂದು; ಒಂದರಲ್ಲಿ ತಗ್ಗಿದ್ದರೆ ಇನ್ನೊಂದರಲ್ಲಿಯೂ ಇರಲೇಬೇಕು. ಎರಡರಲ್ಲಿಯೂ ತಗ್ಗಿರಲಿಲ್ಲ. ಬರ್ಕ್ಲಿಯ ಗುಳ್ಳೆಕೋಷ್ಠದವರು ಧನ ಎ-2ನ್ನು ನೋಡಿದರು. ಬ್ರೂಕ್‌ಹೇವನ್ನಿನ ಮತ್ತೊಂದು ಗುಂಪೂ, ಸರ್ನ್ ಸಂಸ್ಥೆಯಲ್ಲಿಯೇ ಮ್ಯೂನಿಕ್ಕಿನವರೊಡನೆ ಕೂಡಿದ ಇನ್ನೊಂದು ಗುಂಪೂ, ಎ-2 ಎರಡು ಕೇಯಾನುಗಳಾಗಿ ಒಡೆಯುವ ದಾರಿಯಲ್ಲಿ ನೋಡಿದರು. ಎಲ್ಲರಿಗೂ ಕಂಡದ್ದು ಬ್ರೈಟ್ ವಿಗ್ನರ್ ಸೂತ್ರದ ಒಂದೇ ಶಿಖರ, ಸುಮಾರು 100 ಎಂಇವಿ ಅಗಲ, ನಡುವೆ ನುಣುಪು. ಇಂದಿನ ಕೋಷ್ಟಕಗಳಲ್ಲಿಯೂ ಅದು 1318 ಎಂಇವಿಯ ಒಂದೇ ಕಣವಾಗಿ ನಮೂದಾಗಿದೆ.

ದ್ವಿಧ್ರುವ ಸೂತ್ರ ಮಾತ್ರ ಸುಳ್ಳಾಗಲಿಲ್ಲ. ತನ್ನದಲ್ಲದ ಮನೆಗೆ ಹೊಕ್ಕು ಅವಮಾನಪಟ್ಟಿತು, ಅಷ್ಟೆ. ಕಣಗಳ ರಾಶಿಯನ್ನು ನಾವು ಕೈಯಿಂದ ತಿರುಗಿಸಲಾರೆವು. ಎರಡು ಅನುನಾದಗಳನ್ನು ಬೇಕಾದಂತೆ ಹತ್ತಿರ ತಂದು ಒಂದುಗೂಡಿಸಿ ನೋಡಬೇಕಾದರೆ ಬೇರೆ ಸಾಮಗ್ರಿ ಬೇಕು. ಜರ್ಮನಿಯ ಡಾರ್ಮ್‌ಷ್ಟಾಟ್ ನಗರದ ಪ್ರಯೋಗಕಾರರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಪ್ಪಟೆಯಾದ ದುಂಡು ತಾಮ್ರದ ಕುಹರವೊಂದನ್ನು ನಡುವೆ ಸೀಳುಬಿಟ್ಟು ಎರಡು ಪಾಲಾಗಿ ವಿಂಗಡಿಸಿ, ಒಳಗೆ ಸೂಕ್ಷ್ಮತರಂಗಗಳನ್ನು ಹೊಗಿಸಿದರು. ಸೀಳಿನ ಅಗಲ ಒಂದು ಹಿಡಿ, ಒಂದು ಪಾಲಿನಲ್ಲಿಟ್ಟ ಟೆಫ್ಲಾನ್ ತುಂಡಿನ ಸ್ಥಾನ ಇನ್ನೊಂದು ಹಿಡಿ; ಈ ಎರಡನ್ನೂ ಮೆಲ್ಲಮೆಲ್ಲನೆ ಸರಿಸುತ್ತ ಹೋದರೆ ಎರಡು ಅನುನಾದಗಳು ಒಂದು ನಿಯತ ಬಿಂದುವಿನಲ್ಲಿ, ಆವೃತ್ತಿಯಲ್ಲಿಯೂ ಅಗಲದಲ್ಲಿಯೂ, ಒಂದೇ ಆಗುತ್ತವೆ. ಆ ಬಿಂದುವನ್ನು ಒಂದು ಸುತ್ತು ಸುತ್ತಿ ಬಂದರೆ ಅನುನಾದಗಳೆರಡೂ ಸ್ಥಾನ ಬದಲಾಯಿಸಿಕೊಂಡು, ಅವುಗಳಲ್ಲೊಂದರ ಚಿಹ್ನೆ ತಿರುಗಬೇಕು, ಮೊದಲಿದ್ದಂತೆಯೇ ಆಗಬೇಕಾದರೆ ನಾಲ್ಕು ಸುತ್ತು ಬೇಕು ಎಂದು ಸಿದ್ಧಾಂತವು ಮೊದಲೇ ಹೇಳಿತ್ತು. ಅವರು ಕುಹರದೊಳಗಿನ ವಿದ್ಯುತ್ಕ್ಷೇತ್ರದ ವಿನ್ಯಾಸವನ್ನು ಹೆಜ್ಜೆಹೆಜ್ಜೆಗೂ ಅಳೆಯುತ್ತ ಬಿಂದುವನ್ನು ಸುತ್ತಿಬಂದರು. ಎಡಪಾಲಿನ ಕಂಪನ ಬಲಪಾಲಿನದಾಯಿತು, ಬಲಪಾಲಿನದು ಎಡಪಾಲಿಗೆ ಬಂದಿತು, ಒಂದರ ಚಿಹ್ನೆ ತಿರುಗಿತ್ತು.